ಬಾಹ್ಯಾಕಾಶದ ರಕ್ಷಣಾ ಯೋಜನೆ ಹಾಕುವಾಗ ಎರಡು ದೇಶದ ಎಂಜಿನಿಯರ್‌ಗಳು ನಿಜವಾಗಿ ಯಾವ ಮಾತಿಗೆ ವಾದಿಸುತ್ತಾರೆ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ

ಎಲ್ಲರಿಗೂ ನಮಸ್ಕಾರ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಈ ಸಲದ ವಿಜ್ಞಾನ ನಾಟಕ ಸ್ಪರ್ಧೆಗೆ ಹತ್ತನೆಯ ತರಗತಿಯ ಮಕ್ಕಳು ತಾವೇ ಒಂದು ಕಥೆ ಹೆಣೆದಿದ್ದಾರೆ. ಭೂಮಿಯನ್ನು ಸುತ್ತುತ್ತಿರುವ ನಮ್ಮ ದೇಶದ ನೌಕೆಯೊಂದಕ್ಕೆ ಪೆಟ್ಟು ಬೀಳುತ್ತದೆ; ಒಳಗಿರುವ ಮೂವರು ಅದರಲ್ಲಿಯೇ ಕೆಳಗಿಳಿದರೆ ಬದುಕುತ್ತಾರೆಂಬ ಭರವಸೆ ಯಾರಿಗೂ ಇಲ್ಲ. ಆಗ ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿರುವ, ನಮ್ಮ ವಿಜಯಪುರದ ಕಡೆಯ ಯುವ ಎಂಜಿನಿಯರ್ ಒಬ್ಬಳು ಮತ್ತು ಮಾಸ್ಕೋದ ಹಿರಿಯ ಎಂಜಿನಿಯರ್ ಒಬ್ಬರು ಸೇರಿ, ಇನ್ನೊಂದು ನೌಕೆಯನ್ನು ಕಳಿಸಿ ಅವರನ್ನು ಕರೆತರುವ ಯೋಜನೆ ಹಾಕುತ್ತಾರೆ. ಅರ್ಧ ಗಂಟೆಯ ನಾಟಕದಲ್ಲಿ ಮುಕ್ಕಾಲು ಪಾಲು ಈ ಇಬ್ಬರ ಮಾತುಕತೆಯೇ.

ಮಕ್ಕಳು ರಕ್ಷಣೆಯ ಕಥೆಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. 2024ರ ಏಪ್ರಿಲ್‌ನಲ್ಲಿ ನಮ್ಮದೇ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದಿದ್ದ ಪುಟ್ಟ ಮಗುವನ್ನು, ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿ, ಅಡ್ಡಲಾಗಿ ಕೊರೆದು, ಸುಮಾರು 20 ಗಂಟೆಗಳ ನಂತರ ಜೀವಂತವಾಗಿ ಹೊರತೆಗೆದರು. ಆಗ ಎಂಟನೆಯ ತರಗತಿಯಲ್ಲಿದ್ದ ಈ ಮಕ್ಕಳು ಆ ರಾತ್ರಿಯಿಡೀ ಮನೆಯವರ ಜೊತೆ ಟಿವಿಯ ಮುಂದೆ ಕುಳಿತಿದ್ದವರು. ಬದುಕಿಸಬೇಕಾದ ಜೀವ ಕಣ್ಣಿಗೆ ಕಾಣುತ್ತಿದ್ದು ಕೈಗೆ ಸಿಗದಿರುವುದು ಎಂದರೆ ಏನೆಂದು ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ತೊಡಕಿರುವುದು ಇಬ್ಬರು ಎಂಜಿನಿಯರ್‌ಗಳ ಜಗಳದಲ್ಲಿ. ಮಕ್ಕಳು ಬರೆದಂತೆ ರಷ್ಯಾದವರು ಗದರುತ್ತಾರೆ, ನಮ್ಮ ಹುಡುಗಿ ಕಣ್ಣೀರು ಹಾಕುತ್ತಾಳೆ, ಅವರ ಊಟ ನಮ್ಮ ಊಟದ ಬಗ್ಗೆ ಎರಡು ಮಾತು ಬರುತ್ತವೆ, ಕಡೆಗೆ ಇಬ್ಬರೂ ಕೈಕುಲುಕುತ್ತಾರೆ, ರಾಕೆಟ್ ಹಾರುತ್ತದೆ. ಇದು ನನಗೆ ಒಪ್ಪಿಗೆಯಾಗುತ್ತಿಲ್ಲ. ಮೂರು ಜೀವಗಳು ಮೇಲೆ ತೂಗಾಡುತ್ತಿರುವಾಗ ಪ್ರಾಯಸ್ಥರಾದ ಇಬ್ಬರು ತಂತ್ರಜ್ಞರು ಹೀಗೆ ಮಾತನಾಡುತ್ತಾರೆಯೆ? ಸಂಸ್ಕೃತಿ ಬೇರೆಯಾಗಿರುವುದು ಇಂಥ ಕೆಲಸದಲ್ಲಿ ಎಲ್ಲಿ ಅಡ್ಡ ಬರುತ್ತದೆ, ಎಲ್ಲಿ ಉಪಯೋಗಕ್ಕೆ ಬರುತ್ತದೆ? ಅವರು ವಾದಿಸಬೇಕಾದ ನಿಜವಾದ ತಾಂತ್ರಿಕ ಪ್ರಶ್ನೆ ಯಾವುದು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1: ವಾಯುಪಡೆಯ ನಿವೃತ್ತ ತಂತ್ರಜ್ಞ, ಬೆಳಗಾವಿ

ಮೇಡಂ ಅವರಿಗೆ ನಮಸ್ಕಾರ. ನಾನು ಸಾಂಬ್ರಾದಲ್ಲಿ ತರಬೇತಿ ಪಡೆದು, ಸೇವೆಯ ಬಹುಪಾಲು ವರ್ಷಗಳನ್ನು ರಷ್ಯಾ ಮೂಲದ ವಿಮಾನಗಳ ನಿರ್ವಹಣೆಯಲ್ಲಿ ಕಳೆದು, ಈಗ ಬೆಳಗಾವಿಯಲ್ಲಿಯೇ ನೆಲೆಸಿರುವವನು. ನಿಮ್ಮ ಪ್ರಶ್ನೆ ಓದಿ ಎರಡು ದಿನ ಅದೇ ಯೋಚನೆಯಲ್ಲಿದ್ದೆ.

ನಿಮ್ಮ ಮಕ್ಕಳ ಕಥೆಗೆ ತೀರ ಹತ್ತಿರದ ಜೋಡಿಯೊಂದು ಇತಿಹಾಸದಲ್ಲಿದೆ: ಅಮೆರಿಕದ ಗ್ಲಿನ್ ಲನ್ನಿ ಮತ್ತು ಸೋವಿಯತ್ ಒಕ್ಕೂಟದ ಕಾನ್‌ಸ್ಟಾಂಟಿನ್ ಬುಶುಯೆವ್. 1970ರ ಏಪ್ರಿಲ್‌ನಲ್ಲಿ ಅಪೊಲೊ 13ರ ಆಮ್ಲಜನಕದ ಟ್ಯಾಂಕ್ ಸಿಡಿದ ಸುಮಾರು ಒಂದು ಗಂಟೆಯ ನಂತರ ಹ್ಯೂಸ್ಟನ್‌ನ ನಿಯಂತ್ರಣ ಕೇಂದ್ರದಲ್ಲಿ ಪಾಳಿ ವಹಿಸಿಕೊಂಡವರು ಲನ್ನಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಒಂದು ದೇಶದ ನೌಕೆ ಆಪತ್ತಿಗೆ ಸಿಕ್ಕರೆ ಇನ್ನೊಂದು ದೇಶದ ನೌಕೆ ಹೋಗಿ ಅದಕ್ಕೆ ಕೂಡಿಕೊಳ್ಳಲು ಸಾಧ್ಯವೇ ಎಂದು ಮಾತನಾಡಲು ಮಾಸ್ಕೋಗೆ ಹೋದ ಸಣ್ಣ ತಂಡದಲ್ಲಿ ಅವರಿದ್ದರು. ಮುಂದೆ 1972ರ ಮೇ ತಿಂಗಳಲ್ಲಿ ಎರಡು ಸರ್ಕಾರಗಳ ನಡುವೆ ಒಪ್ಪಂದವಾಯಿತು. ಲನ್ನಿ ಮತ್ತು ಬುಶುಯೆವ್ ಇಬ್ಬರೂ ತಮ್ಮ ತಮ್ಮ ಕಡೆಯ ತಾಂತ್ರಿಕ ನಿರ್ದೇಶಕರಾಗಿ, 1975ರ ಜುಲೈ 17ರಂದು ಅಪೊಲೊ ಮತ್ತು ಸೋಯುಜ್ ನೌಕೆಗಳು ಕಕ್ಷೆಯಲ್ಲಿ ಕೂಡುವವರೆಗೆ ಒಟ್ಟಿಗೆ ದುಡಿದರು. ಎರಡು ದೇಶಗಳೂ ಒಂದರ ಮೇಲೊಂದು ಕ್ಷಿಪಣಿ ಗುರಿಯಿಟ್ಟುಕೊಂಡಿದ್ದ ಕಾಲದಲ್ಲಿ ಇದು ನಡೆಯಿತೆಂಬುದನ್ನು ಮಕ್ಕಳಿಗೆ ಹೇಳಿ.

ಅವರು ವಾದಿಸಿದ ವಿಷಯಗಳನ್ನು ನೋಡಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ಮೊದಲನೆಯದು ಕೊಂಡಿಯ ವಿಷಯ. ಅಲ್ಲಿಯವರೆಗೆ ಎರಡೂ ದೇಶಗಳ ನೌಕೆಗಳಲ್ಲಿ ಒಂದರ ಮೂತಿಯಲ್ಲಿ ಕೋಲು, ಇನ್ನೊಂದರಲ್ಲಿ ಆ ಕೋಲು ಹೊಕ್ಕು ಕೂರುವ ಶಂಕುವಿನಾಕಾರದ ಗುಳಿ ಇರುತ್ತಿತ್ತು. ಕೋಲಿರುವ ಎರಡು ನೌಕೆಗಳು ಎದುರುಬದುರಾದರೆ ಪರಸ್ಪರ ನೋಡುತ್ತ ನಿಲ್ಲಬಹುದೇ ಹೊರತು ಕೂಡುವಂತಿಲ್ಲ. ರಕ್ಷಣೆಯ ಹೊತ್ತಿನಲ್ಲಿ ಯಾರಿಗೆ ಯಾರು ಬೇಕಾಗುತ್ತಾರೆಂದು ಮೊದಲೇ ಹೇಳಲಾಗದ ಕಾರಣ, ಸೋವಿಯತ್ ಕಡೆಯ ವ್ಲಾದಿಮಿರ್ ಸಿರೊಮ್ಯಾತ್ನಿಕೊವ್ ಮತ್ತು ಅಮೆರಿಕದ ಕಾಲ್ಡ್‌ವೆಲ್ ಜಾನ್ಸನ್ ಅವರ ತಂಡಗಳು ಎರಡೂ ಬದಿಯಲ್ಲಿ ಒಂದೇ ಬಗೆಯ, ಮೂರು ದಳಗಳುಳ್ಳ ಕೊಂಡಿಯನ್ನು ಒಪ್ಪಿಕೊಂಡವು. ಯಾವ ನೌಕೆ ಬೇಕಾದರೂ ಮುಂದೆ ಬಂದು ಹಿಡಿಯಬಹುದು, ಯಾವುದು ಬೇಕಾದರೂ ನಿಂತು ಹಿಡಿಸಿಕೊಳ್ಳಬಹುದು. ಜುಲೈ 17ರಂದು ಅಪೊಲೊ ಹಿಡಿಯಿತು. ಬಿಡಿಸಿಕೊಂಡ ಮೇಲೆ 19ರಂದು ಸೋಯುಜ್ ಹಿಡಿಯಿತು.

ಎರಡನೆಯದು ಗಾಳಿ. ಸೋಯುಜ್‌ನಲ್ಲಿ ನಾವು ಉಸಿರಾಡುವಂಥದೇ ಗಾಳಿ, ಭೂಮಿಯ ಮೇಲಿನಷ್ಟೇ ಒತ್ತಡದಲ್ಲಿ. ಅಪೊಲೊದಲ್ಲಿ ಬರೀ ಆಮ್ಲಜನಕ, ಸುಮಾರು ಮೂರನೆಯ ಒಂದು ಭಾಗ ಒತ್ತಡದಲ್ಲಿ. ಬಾಗಿಲು ತೆರೆದು ನೇರವಾಗಿ ಆಚೆ ಹೋದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಎದ್ದು ಪ್ರಾಣಕ್ಕೆ ಸಂಚಕಾರ ತರುತ್ತದೆ. ಆದ್ದರಿಂದ ನಡುವೆ ಒಂದು ಕೋಣೆಯನ್ನೇ ಕಟ್ಟಿದರು, ಸೋಯುಜ್‌ನ ಒತ್ತಡವನ್ನು ಪಾದರಸದ 760 ಮಿಲಿಮೀಟರ್‌ನಿಂದ ಸುಮಾರು 520ಕ್ಕೆ ಇಳಿಸಿದರು. ಎರಡು ಮನೆಗಳ ಗಾಳಿಯೇ ಬೇರೆಯಾಗಿದ್ದರೆ ನಡುವೆ ಪಡಸಾಲೆ ಬೇಕಾಗುತ್ತದೆ.

ಮೂರನೆಯದನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ತಿಳಿದಿದ್ದೇನೆ. ಯಾರು ಯಾವ ಭಾಷೆಯಲ್ಲಿ ಮಾತನಾಡಬೇಕು? ತರಬೇತಿಯಲ್ಲಿ ಕಂಡುಕೊಂಡ ಉತ್ತರ ಹೀಗಿತ್ತು: ಅಮೆರಿಕದವರು ರಷ್ಯನ್ ಮಾತನಾಡಬೇಕು, ರಷ್ಯಾದವರು ಇಂಗ್ಲಿಷ್ ಮಾತನಾಡಬೇಕು. ಅಪೊಲೊ ನೌಕೆಯ ನಾಯಕ ಥಾಮಸ್ ಸ್ಟಾಫರ್ಡ್ ತಮ್ಮ ಒಕ್ಲಹೋಮಾ ಎಳೆತದಲ್ಲಿಯೇ ರಷ್ಯನ್ ಆಡಿದರು, ಸೋಯುಜ್‌ನ ನಾಯಕ ಅಲೆಕ್ಸೈ ಲಿಯೊನೊವ್ ತಮ್ಮ ಇಂಗ್ಲಿಷ್‌ನಲ್ಲಿ ಉತ್ತರ ಕೊಟ್ಟರು. ಪರಭಾಷೆಯಲ್ಲಿ ಮಾತನಾಡುವವನು ತನಗೆ ಗೊತ್ತಿರುವ ಶಬ್ದಗಳಷ್ಟನ್ನೇ, ನಿಧಾನವಾಗಿ, ಅಲಂಕಾರವಿಲ್ಲದೆ ಆಡುತ್ತಾನೆ. ಕೇಳುವವನು ತನ್ನ ತಾಯ್ನುಡಿಯಲ್ಲಿ ಕೇಳುವುದರಿಂದ ತಪ್ಪಿದ್ದರೆ ಆ ಕ್ಷಣವೇ ಹಿಡಿಯುತ್ತಾನೆ. ನಿಮ್ಮ ನಾಟಕದ ಇಬ್ಬರಿಗೂ ಇದೇ ನಿಯಮ ಹಾಕಿ ನೋಡಿ.

ಉತ್ತರ 2: ಫೌಂಡ್ರಿಯ ಪಾಳಿ ಮೇಲ್ವಿಚಾರಕ, ಉದ್ಯಮಬಾಗ್, ಬೆಳಗಾವಿ

ಅಕ್ಕೋರೆ, ನನಗೆ ಬಾಹ್ಯಾಕಾಶದ ವಿದ್ಯೆ ಇಲ್ಲ. ಆದರೆ ಮೇಲಿನ ಹಿರಿಯರು ಬರೆದ ಮೂರನೆಯ ಮಾತನ್ನು ನಾನು ಕೆಲಸದ ನೆಲದ ಮೇಲೆ ಕಂಡವನಾದ್ದರಿಂದ ಬರೆಯುತ್ತಿದ್ದೇನೆ.

ನಾನು ಮೊದಲು ಕೆಲಸಕ್ಕಿದ್ದ ಫೌಂಡ್ರಿಯಲ್ಲಿ ಕ್ರೇನ್ ನಡೆಸುತ್ತಿದ್ದವನು ಬೈಲಹೊಂಗಲದ ಕಡೆಯ ಹುಡುಗ, ಮನೆಯ ಮಾತು ಕನ್ನಡ. ಅಚ್ಚುಗಳ ಬಳಿ ನಿಂತು, ಕ್ರೇನಿಗೆ ತೂಗುಬಿಟ್ಟ ಲ್ಯಾಡಲ್‌ಗೆ, ಅಂದರೆ ಕರಗಿದ ಕಬ್ಬಿಣ ಹೊರುವ ಪಾತ್ರೆಗೆ, ಸೂಚನೆ ಕೊಡುತ್ತಿದ್ದವರು ಊರಲ್ಲಿಯೇ ಹುಟ್ಟಿ ಬೆಳೆದ ಹಿರಿಯ ಕೆಲಸಗಾರರು, ಮನೆಯ ಮಾತು ಮರಾಠಿ. ಇಬ್ಬರಿಗೂ ಎರಡೂ ಭಾಷೆ ಬರುತ್ತಿತ್ತು, ಇಬ್ಬರೂ ಒಂದೇ ಡಬ್ಬಿಯ ಬುತ್ತಿ ಉಣ್ಣುವಷ್ಟು ಹೊಂದಿಕೊಂಡಿದ್ದರು. ಒಂದು ದಿನ ಭಟ್ಟಿಯಿಂದ ತುಂಬಿಕೊಂಡು ಬಂದ ಲ್ಯಾಡಲ್ ಅಚ್ಚಿನ ಬಾಯಿಂದ ಒಂದು ಮೊಳ ಮುಂದಕ್ಕೆ ಹೋಗಿ ನಿಂತಿತು. ಹಿರಿಯರು ಗಾಬರಿಯಲ್ಲಿ ತಮ್ಮ ತಾಯ್ನುಡಿಯಲ್ಲಿ ‘ಮಾಗೆ, ಮಾಗೆ’ ಎಂದು ಕೂಗಿದರು. ಮರಾಠಿಯಲ್ಲಿ ಹಾಗೆಂದರೆ ಹಿಂದಕ್ಕೆ. ಬ್ಲೋವರಿನ ಸದ್ದಿನಲ್ಲಿ ಹುಡುಗನಿಗೆ ಕೇಳಿಸಿದ್ದು ‘ಮ್ಯಾಗ, ಮ್ಯಾಗ’ ಎಂದು. ನಮ್ಮ ಕಡೆಯ ಮಾತಿನಲ್ಲಿ ಹಾಗೆಂದರೆ ಮೇಲಕ್ಕೆ. ಅವನು ಕೇಳಿದ್ದನ್ನು ಕೇಳಿದ ಹಾಗೆಯೇ ಮಾಡಿ ಲ್ಯಾಡಲನ್ನು ಒಮ್ಮೆಲೇ ಮೇಲೆತ್ತಿದ. ಅದು ಜೋಲಿ ಹೊಡೆದು, ಕರಗಿದ ಬೀಡು ತುಳುಕಿ ನೆಲದ ಮರಳಿನ ಮೇಲೆ ಬಿದ್ದು, ಕಿಡಿಗಳು ಎದೆಯ ಎತ್ತರಕ್ಕೆ ಹಾರಿದವು. ದೇವರ ದಯದಿಂದ ಆ ಜಾಗದಲ್ಲಿ ಯಾರೂ ಇರಲಿಲ್ಲ. ಹಿರಿಯರ ಏಪ್ರನ್ನಿನ ಅಂಚಿನಲ್ಲಿ ಕಡಲೆಯಷ್ಟು ದೊಡ್ಡ ಮೂರು ತೂತುಗಳಾಗಿದ್ದವು. ಅವನ್ನು ಬೆರಳು ತೂರಿಸಿ ತೋರಿಸುವಾಗ ಅವರ ಕೈ ನಡುಗುತ್ತಿದ್ದುದನ್ನು ನಾನು ಇಂದಿಗೂ ಮರೆತಿಲ್ಲ.

ಇಲ್ಲಿ ಯಾರ ತಪ್ಪಿತ್ತು? ದ್ವೇಷವಿರಲಿಲ್ಲ, ಅಜ್ಞಾನವಿರಲಿಲ್ಲ. ಆಪತ್ತು ಬಂದಾಗ ಮನುಷ್ಯನ ಬಾಯಿಗೆ ಮೊದಲು ಬರುವುದು ತಾಯಿಯ ಮಾತು, ಅಷ್ಟೆ. ಅಂದಿನಿಂದ ನನ್ನ ಪಾಳಿಯಲ್ಲಿ ಒಂದು ನಿಯಮ ಮಾಡಿಕೊಂಡೆ. ಸೂಚನೆ ಕೊಡುವವನು ಕೇಳುವವನ ಮನೆಮಾತಿನಲ್ಲಿ ಕೊಡಬೇಕು, ಕೇಳಿದವನು ಲಿವರ್ ಮುಟ್ಟುವ ಮೊದಲು ಅದೇ ಮಾತನ್ನು ತಿರುಗಿ ಹೇಳಬೇಕು, ಹೇಳಿದ್ದು ಸರಿ ಎಂದು ಕೈ ಎತ್ತಿದ ಮೇಲೆಯೇ ಕ್ರೇನ್ ಅಲುಗಬೇಕು. ಹೊಸಬರಿಗೆ ಇದು ಹೊತ್ತು ಹಾಳು ಮಾಡಿದಂತೆ ಕಾಣುತ್ತದೆ. ಅವರಿಗೆ ನಾನು ಆ ಏಪ್ರನ್ನಿನ ಕಥೆ ಹೇಳುತ್ತೇನೆ.

ಇನ್ನೊಂದು ಮಾತು. ನಮ್ಮಲ್ಲಿ ‘ಹೂಂ’ ಎಂದರೆ ಬಹಳ ಸಲ ‘ಕೇಳುತ್ತಿದ್ದೇನೆ’ ಎಂದಷ್ಟೇ ಅರ್ಥ. ಒಪ್ಪಿದ್ದೇನೆ ಎಂದಲ್ಲ. ‘ನೋಡೋಣ’ ಎಂದರೆ ಎದುರಿನವರು ಹಿರಿಯರಾಗಿದ್ದರೆ ಮುಕ್ಕಾಲು ಪಾಲು ‘ಆಗುವುದಿಲ್ಲ’ ಎಂದೇ. ನಮಗೆ ನಮಗೆ ಇದು ಗೊತ್ತಾಗುತ್ತದೆ. ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ನಿಮ್ಮ ನಾಟಕದ ಹುಡುಗಿ ಹಿರಿಯರಿಗೆ ಎದುರಾಡಬಾರದೆಂದು ‘ನೋಡೋಣ ಸರ್’ ಎನ್ನುತ್ತಾಳೆ, ಅವರು ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಕಣ್ಣೀರಿಗಿಂತ ಇದು ಹೆಚ್ಚು ಭಯ ಹುಟ್ಟಿಸುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಸಾರೆ ವಂದನೆಗಳು. ‘ಮಾಗೆ’ ಮತ್ತು ‘ಮ್ಯಾಗ’ದ ಪ್ರಸಂಗವನ್ನು ತರಗತಿಯಲ್ಲಿ ಓದಿ ಹೇಳಿದಾಗ ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಭಾಷೆಯ ವಿಷಯ ಈಗ ಸ್ಪಷ್ಟವಾಯಿತು. ಆದರೆ ‘ನೋಡೋಣ’ ಎಂದು ಆ ಹುಡುಗಿ ಯಾವ ಪ್ರಶ್ನೆಗೆ ಹೇಳಬೇಕು? ನೌಕೆಗೆ ಬಿದ್ದ ಪೆಟ್ಟು ಯಾವುದು, ಕಾಯುವುದರ ಅಪಾಯವೇನು, ಇಳಿಯುವುದರ ಅಪಾಯವೇನು ಎಂಬುದನ್ನು ಯಾರಾದರೂ ತಿಳಿಸಿದರೆ ನಾಟಕಕ್ಕೆ ಬೆನ್ನೆಲುಬು ಸಿಗುತ್ತದೆ.

ಉತ್ತರ 3: ಭೌತಶಾಸ್ತ್ರ ಉಪನ್ಯಾಸಕ, ಬಾಗಲಕೋಟೆ

ನಮಸ್ಕಾರ. ಮೇಲಿನ ಇಬ್ಬರ ಮಾತನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ಮುಂದಿಡುತ್ತೇನೆ. ಭಾಷೆ ಎಷ್ಟು ಸರಿಯಾಗಿದ್ದರೂ, ರಕ್ಷಣೆಯ ಯೋಜನೆ ನಿಲ್ಲುವುದು ಅಥವಾ ಬೀಳುವುದು ‘ನಿಮಗೆ ಇದು ಹೇಗೆ ಗೊತ್ತು?’ ಎಂಬ ಪ್ರಶ್ನೆಯನ್ನು ಒಬ್ಬರು ಇನ್ನೊಬ್ಬರಿಗೆ ಕೇಳಬಲ್ಲರೇ ಎಂಬುದರ ಮೇಲೆ.

ಮೊದಲು ಕಕ್ಷೆಯ ಲೆಕ್ಕ. ನೌಕೆಯ ಕಕ್ಷೆಯು ಭೂಮಧ್ಯರೇಖೆಗೆ ಎಷ್ಟು ಕೋನದಲ್ಲಿ ಓರೆಯಾಗಿದೆ ಎಂಬುದನ್ನು ಮಕ್ಕಳು ಕಥೆಯಲ್ಲಿ ನಿರ್ಧರಿಸಿಕೊಳ್ಳಲೇಬೇಕು. ಶ್ರೀಹರಿಕೋಟಾ ಸುಮಾರು 13.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ರಷ್ಯಾದ ನೌಕೆಗಳು ಹಾರುವ ಕಜಾಕಸ್ತಾನದ ಬೈಕನೂರು ಸುಮಾರು 46 ಡಿಗ್ರಿಯಲ್ಲಿ. ಹಾರಿದ ಸ್ಥಳದ ಅಕ್ಷಾಂಶಕ್ಕಿಂತ ಕಡಿಮೆ ಓರೆಯಿರುವ ಕಕ್ಷೆಗೆ ರಾಕೆಟ್ ನೇರವಾಗಿ ಹೋಗಲಾರದು. ಮೇಲೆ ಹೋದ ನಂತರ ಕಕ್ಷೆಯನ್ನು ತಿರುಗಿಸೋಣವೆಂದರೆ, ಸೆಕೆಂಡಿಗೆ 7.7 ಕಿಲೋಮೀಟರ್ ವೇಗದಲ್ಲಿ ಸಾಗುವ ನೌಕೆಯನ್ನು ಬರೀ 10 ಡಿಗ್ರಿ ತಿರುಗಿಸಲು ಸೆಕೆಂಡಿಗೆ 1.3 ಕಿಲೋಮೀಟರಿಗೂ ಹೆಚ್ಚು ವೇಗ ಬದಲಿಸಬೇಕು. ಭೂಮಿಯ ಸುತ್ತ ಹಾರಿ ಮರಳಲೆಂದೇ ಕಟ್ಟಿದ ಸೋಯುಜ್‌ನಂಥ ನೌಕೆಯಲ್ಲಿ ಅಷ್ಟು ಇಂಧನ ಇರುವುದಿಲ್ಲ. ಹೀಗಾಗಿ ನಮ್ಮ ನೌಕೆ 20 ಡಿಗ್ರಿ ಓರೆಯಲ್ಲಿದ್ದರೆ ಮಾಸ್ಕೋದ ಹಿರಿಯರು ‘ಬರಲಾಗುವುದಿಲ್ಲ’ ಎನ್ನಲೇಬೇಕು, ಅದರಲ್ಲಿ ಕಲ್ಲುಮನಸ್ಸಿನ ಪ್ರಶ್ನೆಯೇ ಇಲ್ಲ. 2003ರಲ್ಲಿ ನಮ್ಮ ಕಲ್ಪನಾ ಚಾವ್ಲಾ ಅವರಿದ್ದ ಕೊಲಂಬಿಯಾ ನೌಕೆ 39 ಡಿಗ್ರಿಯ ಕಕ್ಷೆಯಲ್ಲಿತ್ತು. ಅಂತರರಾಷ್ಟ್ರೀಯ ನಿಲ್ದಾಣವಿದ್ದದ್ದು 51.6 ಡಿಗ್ರಿಯಲ್ಲಿ. ರೆಕ್ಕೆಗೆ ಬಿದ್ದ ಪೆಟ್ಟು ಗಂಭೀರವೆಂದು ಆಗಲೇ ಗೊತ್ತಾಗಿದ್ದಿದ್ದರೂ ಆ ಏಳು ಮಂದಿ ನಿಲ್ದಾಣವನ್ನು ಸೇರಿ ಆಶ್ರಯ ಪಡೆಯುವಂತಿರಲಿಲ್ಲ. ತನಿಖಾ ಮಂಡಳಿಯು ಆನಂತರ ಲೆಕ್ಕ ಹಾಕಿದಾಗ, ಅಟ್ಲಾಂಟಿಸ್ ನೌಕೆಯನ್ನು ಆತುರದಿಂದ ಸಜ್ಜುಗೊಳಿಸಿ ಕಳಿಸಿದ್ದರೆ, ಒಳಗಿನ ಇಂಗಾಲದ ಡೈಆಕ್ಸೈಡ್ ಹೀರುವ ಡಬ್ಬಿಗಳು ಮುಗಿಯುವ ಮೊದಲು ಅದು ತಲುಪುವ ಸಾಧ್ಯತೆ ಇತ್ತೆಂದು ಕಂಡುಬಂದಿತು. ಇದನ್ನು ಬರೆಯುವಾಗ ಇಷ್ಟು ವರ್ಷಗಳ ನಂತರವೂ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ. ನಿಮ್ಮ ಕಥೆಯ ನೌಕೆಯನ್ನು 51.6 ಡಿಗ್ರಿಯಲ್ಲಿಡಿ. ಆಗ ಎರಡೂ ದೇಶಗಳಿಂದ ದಾರಿ ತೆರೆಯುತ್ತದೆ, ದಿನಕ್ಕೊಮ್ಮೆ ಉಡಾವಣಾ ಸ್ಥಳವು ಆ ಕಕ್ಷೆಯ ಕೆಳಗೆ ಹೊಂದಿಬರುವ ಕೆಲವೇ ಕ್ಷಣಗಳಲ್ಲಿ.

ಇನ್ನು ಪೆಟ್ಟಿನ ವಿಷಯ. ಇದಕ್ಕೆ 2022ರ ಡಿಸೆಂಬರ್‌ನ ಸೋಯುಜ್ ಎಂಎಸ್-22 ಪ್ರಸಂಗವೇ ತಕ್ಕ ಮಾದರಿ. ನಿಲ್ದಾಣಕ್ಕೆ ಕೂಡಿಕೊಂಡಿದ್ದ ಆ ನೌಕೆಯ ತಂಪುಗೊಳಿಸುವ ದ್ರವವು ಹೊರಗಿನ ಕೊಳವೆಯ ಒಂದು ಮಿಲಿಮೀಟರಿಗಿಂತ ಸಣ್ಣ ತೂತಿನಿಂದ ಸೋರಿ ಹೋಯಿತು. ಇಬ್ಬರು ರಷ್ಯನ್ನರು, ಸೆರ್ಗೆಯ್ ಪ್ರಕೋಪ್ಯೆವ್ ಮತ್ತು ದ್ಮಿತ್ರಿ ಪೆತೆಲಿನ್, ಹಾಗೂ ಅಮೆರಿಕದ ಫ್ರಾಂಕ್ ರುಬಿಯೊ ಅದರಲ್ಲಿ ಮರಳಬೇಕಿತ್ತು. ತಂಪುಗೊಳಿಸುವ ವ್ಯವಸ್ಥೆ ಇಲ್ಲದೆ ಇಳಿದರೆ ಒಳಗಿನ ಬಿಸಿ ಏರುತ್ತದೆ. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ದೇಹವೇ ಸುಮಾರು 100 ವ್ಯಾಟ್ ಶಾಖ ಹೊರಸೂಸುತ್ತದೆ, ಹಳೆಯ ಕಾಲದ ಬಲ್ಬಿನಷ್ಟು. ಜೊತೆಗೆ ಉಪಕರಣಗಳ ಬಿಸಿ, ಮೂವರ ಉಸಿರಿನ ತೇವ. ಆದ್ದರಿಂದ ರುಬಿಯೊ ಅವರ ಆಸನದ ಒಳಪದರವನ್ನು ಅಮೆರಿಕದ ಡ್ರ್ಯಾಗನ್ ನೌಕೆಗೆ ಸಾಗಿಸಿದರು. ಬದಲಿ ನೌಕೆ ಬರುವ ಮೊದಲೇ ತುರ್ತಾಗಿ ಇಳಿಯಬೇಕಾದರೆ ಒಬ್ಬರು ಅದರಲ್ಲಿ, ಇಬ್ಬರು ಸೋರಿದ ಸೋಯುಜ್‌ನಲ್ಲಿ ಇಳಿಯುವುದೆಂದು ತೀರ್ಮಾನವಾಯಿತು. ಸೋಯುಜ್‌ನ ಆಸನದ ಒಳಪದರ ಎಂದರೆ ಅವರವರ ಬೆನ್ನಿನ ಅಚ್ಚು ತೆಗೆದು, ಅವರಿಗೆಂದೇ ಮಾಡಿದ ಮೈಯಾಕಾರದ ಹಾಸು. ಒಬ್ಬರದು ಇನ್ನೊಬ್ಬರಿಗೆ ಒಗ್ಗುವುದಿಲ್ಲ.

ಬದಲಿಗೆ ಎಂಎಸ್-23 ನೌಕೆಯನ್ನು ಖಾಲಿಯಾಗಿ ಕಳಿಸುವುದೆಂದು ನಿಶ್ಚಯವಾಗಿ ತಯಾರಿ ನಡೆದಿದ್ದಾಗ, 2023ರ ಫೆಬ್ರುವರಿ 11ರಂದು ನಿಲ್ದಾಣದಲ್ಲಿಯೇ ಇದ್ದ ಪ್ರೊಗ್ರೆಸ್ ಎಂಎಸ್-21 ಎಂಬ ಸರಕುನೌಕೆಯ ತಂಪುದ್ರವವೂ ಸೋರಿಹೋಯಿತು. ನಿಮ್ಮ ನಾಟಕದ ಬೆನ್ನೆಲುಬು ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಮೊದಲನೆಯ ತೂತು ಸಣ್ಣ ಉಲ್ಕೆಯ ಕಣ ಬಡಿದು ಆದದ್ದೆಂದು ಹೇಳಲಾಗಿತ್ತು. ಎರಡು ತಿಂಗಳಲ್ಲಿ ಎರಡು ಸಲ ಅದೇ ಬಗೆಯ ಸೋರಿಕೆ ಎಂದರೆ, ಕೊಳವೆಗಳಲ್ಲಿಯೇ ತಯಾರಿಕೆಯ ದೋಷ ಇರಬಹುದೆ? ಇದ್ದರೆ, ರಕ್ಷಿಸಲು ಹೋಗುವ ನೌಕೆಯ ಹೊಟ್ಟೆಯಲ್ಲಿಯೂ ಅದೇ ರೋಗ ಇರುತ್ತದೆ. ಫೆಬ್ರುವರಿ 20ಕ್ಕೆಂದು ಯೋಚಿಸಿದ್ದ ಉಡಾವಣೆಯನ್ನು ತಡೆದು, ಪರಿಶೀಲಿಸಿ, 24ರಂದು ಹಾರಿಸಿದರು. ಆ ಮೂವರು ಒಟ್ಟು 371 ದಿನ ಕಕ್ಷೆಯಲ್ಲಿದ್ದು, ಸೆಪ್ಟೆಂಬರ್ 27ರಂದು ಎಂಎಸ್-23ರಲ್ಲಿ ಕ್ಷೇಮವಾಗಿ ಇಳಿದರು.

ಈಗ ನಿಮ್ಮ ಇಬ್ಬರನ್ನು ಆ ದಿನಗಳಂಥ ಸ್ಥಿತಿಯಲ್ಲಿ ಕೂರಿಸಿ. ಹಿರಿಯರು ಜೀವನವಿಡೀ ಆ ನೌಕೆಯನ್ನು ಕಟ್ಟಿದವರು. ಯುವ ಎಂಜಿನಿಯರ್ ಅವರಿಗೆ ‘ಕೊಳವೆಯ ಬೆಸುಗೆ ಹಾಕಿದ ದಿನದ ಚಿತ್ರಗಳನ್ನು ನನಗೆ ತೋರಿಸಿ’ ಎನ್ನಬೇಕು. ನಮ್ಮ ಕಡೆ ಹಿರಿಯರಿಂದ ಪುರಾವೆ ಕೇಳುವುದೆಂದರೆ ಉದ್ಧಟತನ. ಕೇಳಿಸಿಕೊಳ್ಳುವವರಿಗೂ ಅದು ‘ನಿಮ್ಮ ಮೇಲೆ ನಂಬಿಕೆ ಇಲ್ಲ’ ಎಂದಂತೆ ತೋರಬಹುದು. ಆಕೆ ‘ನೋಡೋಣ ಸರ್’ ಎನ್ನಬೇಕಾದದ್ದು, ಆಮೇಲೆ ಆ ಮಾತನ್ನು ಹಿಂತೆಗೆದುಕೊಂಡು ಬಾಯಿಬಿಟ್ಟು ಕೇಳಬೇಕಾದದ್ದು, ಇದೇ ಜಾಗದಲ್ಲಿ. ಅತ್ತ ಮೇಲಿನವರಿಗೆ ಒಂದೊಂದು ದಿನ ಕಾಯುವುದೂ ಗಾಳಿಯ ಲೆಕ್ಕದಲ್ಲಿ ಕಳೆಯುತ್ತಿರುತ್ತದೆ. ಕೇಳಿದರೆ ತಡ, ಕೇಳದಿದ್ದರೆ ಕುರುಡು.

ಕಾನೂನಿನ ಬಗ್ಗೆ ಮಕ್ಕಳು ಕೇಳಿದರೆ: 1968ರ ಗಗನಯಾತ್ರಿಗಳ ರಕ್ಷಣಾ ಒಪ್ಪಂದವು ತನ್ನ ನೆಲದಲ್ಲಿ ಬಂದಿಳಿದ ಯಾತ್ರಿಗಳಿಗೆ ನೆರವಾಗಬೇಕೆಂದು ದೇಶಗಳನ್ನು ಕಟ್ಟಿಹಾಕುತ್ತದೆ. ರಾಕೆಟ್ ಹಾರಿಸಿ ಕರೆತರಬೇಕೆಂದು ಯಾರನ್ನೂ ಕಟ್ಟಿಹಾಕುವುದಿಲ್ಲ.

ಉತ್ತರ 1 ಬರೆದವರು ಮತ್ತೆ

ಉಪನ್ಯಾಸಕರ ಮಾತನ್ನು ಒಪ್ಪುತ್ತೇನೆ, ಆದರೆ ಭಾಷೆಯನ್ನು ಎರಡನೆಯ ಸ್ಥಾನಕ್ಕೆ ಇಳಿಸುವುದನ್ನು ಒಪ್ಪಲಾರೆ. 1975ರ ಅದೇ ಯಾನದ ಕೊನೆಯ ದಿನ, ಅಪೊಲೊ ಇಳಿಯುತ್ತಿದ್ದಾಗ, ಕಿವಿಯ ಉಪಕರಣದಲ್ಲಿ ಕಿರುಗುಟ್ಟುತ್ತಿದ್ದ ಸದ್ದಿನಿಂದಾಗಿ ಸ್ಟಾಫರ್ಡ್ ಓದಿದ ಸೂಚನೆ ಪಕ್ಕದಲ್ಲಿದ್ದ ವಾನ್ಸ್ ಬ್ರಾಂಡ್ ಅವರಿಗೆ ಕೇಳಿಸಲಿಲ್ಲ. ಒತ್ತಬೇಕಾದ ಸ್ವಿಚ್ ಒತ್ತದೆ ಉಳಿಯಿತು. ದಿಕ್ಕು ತಿದ್ದುವ ಎಂಜಿನ್‌ಗಳು ಉರಿಯುತ್ತಲೇ ಇದ್ದು, ನೈಟ್ರೋಜನ್ ಟೆಟ್ರಾಕ್ಸೈಡ್ ಎಂಬ ವಿಷಾನಿಲ ಒಳಗೆ ನುಗ್ಗಿತು. ಬ್ರಾಂಡ್ ಸ್ವಲ್ಪ ಹೊತ್ತು ಪ್ರಜ್ಞೆ ತಪ್ಪಿದರು, ಮೂವರೂ ಹೊನೊಲುಲುವಿನಲ್ಲಿ ಆಸ್ಪತ್ರೆ ಸೇರಬೇಕಾಯಿತು. ಅವರಿಬ್ಬರ ತಾಯ್ನುಡಿ ಒಂದೇ. ರಷ್ಯನ್ನರ ಜೊತೆ ಪ್ರತಿ ಮಾತನ್ನೂ ತೂಗಿ ಆಡಿದವರು, ತಮ್ಮವರ ಜೊತೆ ಮಾತನಾಡುವಾಗ ಒಂದು ಸೂಚನೆ ತಪ್ಪಿಹೋಯಿತು. ಫೌಂಡ್ರಿಯ ಸಹೋದರರು ಹೇಳಿದ, ತಿರುಗಿ ಹೇಳಿಸುವ ನಿಯಮ ಅಲ್ಲಿದ್ದಿದ್ದರೆ ಎಂದು ಯೋಚಿಸುತ್ತೇನೆ.

ಮೇಡಂ, ನಿಮ್ಮ ಹುಡುಗಿಗೆ ಮೂರು ರಷ್ಯನ್ ಮಾತು ಕಲಿಸಿ. ‘ಪವ್ತರೀತೆ’ ಎಂದರೆ ಮತ್ತೊಮ್ಮೆ ಹೇಳಿ. ‘ಪನ್ಯಾತ್ನ’ ಎಂದರೆ ಅರ್ಥವಾಯಿತು. ‘ಸಗ್ಲಾಸೆನ್’ ಎಂದರೆ ಒಪ್ಪಿದ್ದೇನೆ. ಅರ್ಥವಾದದ್ದೂ ಒಪ್ಪಿದ್ದೂ ಬೇರೆ ಬೇರೆ ಎಂಬುದು ನಮ್ಮ ‘ಹೂಂ’ನಲ್ಲಿ ಮರೆಯಾಗುತ್ತದೆ, ಪರಭಾಷೆಯಲ್ಲಿ ಆಡುವಾಗ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ನಿನ್ನೆ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮಕ್ಕಳು ಹೊಸದಾಗಿ ಬರೆದ ದೃಶ್ಯವನ್ನು ಆಡಿ ತೋರಿಸಿದರು. ಊಟದ ಮಾತು ಹೋಯಿತು, ಕಣ್ಣೀರು ಹೋಯಿತು. ವೇದಿಕೆಯ ಹಿಂಬದಿಯಲ್ಲಿ ಮೂರು ಖಾಲಿ ಕುರ್ಚಿ ಇಟ್ಟಿದ್ದಾರೆ. ಬದಲಿ ನೌಕೆಯಲ್ಲಿ ಯಾರೂ ಇಲ್ಲದೆ ಹೋಗುವ ಆಸನಗಳು ಅವು. 2024ರ ಸೆಪ್ಟೆಂಬರ್‌ನಲ್ಲಿ ನಿಕ್ ಹೇಗ್ ಮತ್ತು ಅಲೆಕ್ಸಾಂದರ್ ಗರ್ಬುನೊವ್ ಎಂಬ ಅಮೆರಿಕನ್-ರಷ್ಯನ್ ಜೋಡಿ, ಸುನಿತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಅವರಿಗಾಗಿ ಎರಡು ಆಸನ ಖಾಲಿ ಬಿಟ್ಟುಕೊಂಡು ಹೋದದ್ದನ್ನು ಒಬ್ಬ ಹುಡುಗ ಓದಿಕೊಂಡು ಬಂದಿದ್ದ. ಕುರ್ಚಿಯ ಯೋಚನೆ ಅವನದೇ. ಪ್ರತಿ ಕುರ್ಚಿಯ ಬೆನ್ನಿಗೆ ಮನೆಯಿಂದ ತಂದ ಕೌದಿಯನ್ನು ಮೈಯ ಆಕಾರಕ್ಕೆ ಮಡಚಿ ಹೊಲಿದಿದ್ದಾರೆ.

ರಷ್ಯಾದ ಹಿರಿಯರ ಪಾತ್ರದವನು ಈಗ ತಡವರಿಸುತ್ತ ಕನ್ನಡ ಮಾತನಾಡುತ್ತಾನೆ, ಒಂದೊಂದು ಶಬ್ದಕ್ಕೂ ನಿಲ್ಲುತ್ತಾನೆ. ಹುಡುಗಿ ಮೊದಲು ‘ಪನ್ಯಾತ್ನ’ ಎನ್ನುತ್ತಾಳೆ. ಅವನು ಸಹಿ ಹಾಕಲು ಪೆನ್ನು ತೆಗೆಯುತ್ತಾನೆ. ಆಗ ಅವಳು ಅರ್ಥವಾಗಿದೆ ಎಂದಷ್ಟೇ ಹೇಳಿದ್ದೇನೆ, ಒಪ್ಪಿಲ್ಲ ಎಂದು ಹೇಳಿ, ಬೆಸುಗೆಯ ಚಿತ್ರಗಳನ್ನು ಕೇಳುತ್ತಾಳೆ. ಅವನು ಬಹಳ ಹೊತ್ತು ಸುಮ್ಮನಿದ್ದು ಫೋನ್ ಎತ್ತಿ ಕಾರ್ಖಾನೆಗೆ ಕರೆ ಮಾಡುತ್ತಾನೆ. ಆ ಮೌನ ಎಷ್ಟು ಹೊತ್ತಿರಬೇಕೆಂದು ಮಕ್ಕಳಲ್ಲಿ ಇನ್ನೂ ಚರ್ಚೆ ನಡೆದಿದೆ. ಕೊನೆಯಲ್ಲಿ ಚಿತ್ರಗಳನ್ನು ನೋಡಿ ಅವಳು ‘ಸಗ್ಲಾಸೆನ್’ ಎನ್ನುತ್ತಾಳೆ. ಉಚ್ಚಾರ ಸರಿಯೇ ಎಂದು ಬೆಳಗಾವಿಯ ಹಿರಿಯರು ತಿಳಿಸಬೇಕು.

ಉತ್ತರ 1 ಬರೆದವರು ಮತ್ತೆ

ಮೇಡಂ, ತಪ್ಪು ನನ್ನದು. ನಾನು ಕೊಟ್ಟದ್ದು ಗಂಡಸರು ಹೇಳುವ ರೂಪ. ಹೆಣ್ಣುಮಗಳು ‘ಸಗ್ಲಾಸ್ನ’ ಎನ್ನಬೇಕು. ಸ್ಪರ್ಧೆಯ ಮೊದಲು ತಿದ್ದಿಸಿಬಿಡಿ.